ಬೆರಳಿನ ಗಾಯಕ್ಕೆ ಅಂಕಿ ಬಂದ ಬಗೆ

ಕೃಷ್ಣೆಯ ದಂಡೆಯಲ್ಲಿ ಕಬ್ಬು ಕಡಿಯುವ ಕಾಲ ಬಂದಿತೆಂದರೆ ಶೇಡಬಾಳ, ಉಗಾರ, ಕುಡಚಿಗಳ ಸೀಮೆಯಲ್ಲಿ ಗಾಯವಿಲ್ಲದ ಬೆರಳು ಅಪರೂಪವಾಗುವದು. ಕೊಯ್ತಾದ ಅಲಗು ತಪ್ಪಿ ಒಬ್ಬನ ತೋರುಬೆರಳು ಸೀಳುವದು. ಬಂಡಿಯ ಮೂಕಿಯ ಕೆಳಗೆ ಸಿಕ್ಕು ಇನ್ನೊಬ್ಬನ ಹೆಬ್ಬೆರಳಿನ ಉಗುರು ಕರಿದಾಗುವದು. ರವದಿಯ ಗರಗಸದಂಥ ಅಂಚಾಗಲಿ ಬೇಲಿಯ ಜಾಲಿಮುಳ್ಳಾಗಲಿ ತಗಲಿ ರಕ್ತ ಬಂದವರ ಲೆಕ್ಕವೇ ಇಲ್ಲ. ಅರಿಷಿಣವನ್ನೊತ್ತಿ, ಹಳೆಯ ಧೋತರದ ಚಿಂದಿಯೊಂದನ್ನು ಸುತ್ತಿಕೊಂಡು ಕೆಲಸ ಮುಂದುವರಿಸುವದು ಹಿಂದಿನಿಂದ ಬಂದ ರೂಢಿ. ಇಷ್ಟು ಚಿಕ್ಕ ನೋವನ್ನು ಬರೆದಿಡಬೇಕೆಂದು ಒಕ್ಕಲಿಗನಿಗೆ ತೋರುವದಿಲ್ಲ. ಬರೆದಿಟ್ಟವರೂ ಬಹುಕಾಲದ ವರೆಗೆ ಇರಲಿಲ್ಲ. ಆದರೆ ಇಂದು ಅದೇ ಮನುಷ್ಯನು ದೊಡ್ಡ ದವಾಖಾನೆಯೊಂದಕ್ಕೆ ಹೋದನಾದರೆ ಅವನ ಬೆರಳಿಗೆ ಒಂದು ಅಕ್ಷರವೂ ಮೂರು ಅಂಕಿಗಳೂ ಕೂಡಿದ ಹೆಸರೊಂದು ದೊರೆಯಬಹುದು. ಜಗತ್ತಿನ ಯಾವ ದೇಶದ ಲೆಕ್ಕಿಗನೇ ಆಗಲಿ ಆ ಹೆಸರನ್ನು ಓದಿ, ಉಗುರು ಕೆಟ್ಟಿತ್ತೋ ಇಲ್ಲವೋ ಎಂಬಷ್ಟನ್ನು ತಿಳಿದುಕೊಳ್ಳಬಲ್ಲನು. ಒಂದು ಕಿರುಗಾಯಕ್ಕೆ ಈ ಪದವಿಯು ಹೇಗೆ ಬಂದಿತು, ಬರುವಾಗ ಏನು ಉಳಿಯಿತು, ಏನು ಅಳಿಯಿತು ಎಂಬದು ವಿಚಾರಾರ್ಹವಾಗಿದೆ.

ಗಾಯಗಳನ್ನು ವಿಂಗಡಿಸುವ ವಿದ್ಯೆ ಭರತಖಂಡಕ್ಕೆ ಹೊಸತಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯವು ಆಕಸ್ಮಿಕವಾಗಿ ಆಗುವ ವ್ರಣಗಳನ್ನು ಆರು ಬಗೆಯಾಗಿ ವಿಭಾಗಿಸುತ್ತದೆ: ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ. ನೇರವಾಗಿಯಾಗಲಿ ಓರೆಯಾಗಿಯಾಗಲಿ ಉದ್ದಕ್ಕೆ ಸೀಳಿದ್ದು ಛಿನ್ನ. ಅವಯವವೇ ಕಡಿದು ಬಿದ್ದರೂ ಅದಕ್ಕೆ ಅದೇ ಹೆಸರು. ಒಳಗಿನ ಕೋಷ್ಠವನ್ನು ಹೊಕ್ಕದ್ದು ಭಿನ್ನ. ಸೂಕ್ಷ್ಮವಾದ ಮೊನೆಯು ಬೇರೆ ಅಂಗವನ್ನು ಚುಚ್ಚಿದರೆ ವಿದ್ಧ. ಪೂರಾ ಸೀಳಿಯೂ ಅಲ್ಲ, ಪೂರಾ ಚುಚ್ಚಿಯೂ ಅಲ್ಲ, ಎರಡರ ಲಕ್ಷಣವನ್ನೂ ತಾಳಿ ವಿಷಮವಾಗಿದ್ದುದು ಕ್ಷತ. ಪೆಟ್ಟಿನಿಂದಲೋ ಒತ್ತಡದಿಂದಲೋ ಎಲುಬುಸಹಿತವಾಗಿ ಚಪ್ಪಟೆಯಾಗಿ ರಕ್ತಮಜ್ಜೆಗಳಿಂದ ತೊಯ್ದದ್ದು ಪಿಚ್ಚಿತ. ಉಜ್ಜಿ ತೊಗಲು ಹೋಗಿ ಉರಿಯೂ ಒಸರೂ ಉಂಟಾದದ್ದು ಘೃಷ್ಟ. ಬಂಡಿಯ ಮೂಕಿಗೆ ಸಿಕ್ಕ ಹೆಬ್ಬೆರಳು, ಕೊಯ್ತಾಕ್ಕೆ ಸಿಕ್ಕ ತೋರುಬೆರಳು, ಜಾಲಿಮುಳ್ಳು ಚುಚ್ಚಿದ ಕಿರುಬೆರಳು ಇವೆಲ್ಲಕ್ಕೂ ಈ ಆರರಲ್ಲಿ ನೆಲೆಯುಂಟು.

ಇದಕ್ಕಿಂತಲೂ ಕುತೂಹಲಕರವಾದದ್ದು ನಿದಾನಸ್ಥಾನದ ಹದಿಮೂರನೆಯ ಅಧ್ಯಾಯ. ಅಲ್ಲಿ ಸುಶ್ರುತನು 44 ಕ್ಷುದ್ರರೋಗಗಳನ್ನು, ಅಂದರೆ ಸಣ್ಣ ವ್ಯಾಧಿಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಎರಡು ಉಗುರಿಗೆ ಸಂಬಂಧಿಸಿದವು. ಉಗುರಿನ ಬುಡದ ಮಾಂಸವು ಉರಿದು, ನೊಂದು, ಪಕ್ವವಾಗುವದು ಚಿಪ್ಯ. ಕನ್ನಡಿಗರು ಉಗುರುಸುತ್ತು ಎನ್ನುವದು ಇದನ್ನೇ. ಪೆಟ್ಟು ಬಿದ್ದು ಕೆಟ್ಟ ಉಗುರು ಒರಟಾಗಿ, ಕಪ್ಪಾಗಿ, ಗಡುಸಾಗಿ ಬೆಳೆದರೆ ಕುನಖ. ಗಾಯ ಮಾಯ್ದ ಮೇಲೂ ಉಗುರು ತನ್ನ ನೋವನ್ನು ನೆನಪಿಟ್ಟುಕೊಳ್ಳುವದೆಂಬ ಈ ಅನುಭವಕ್ಕೆ ಪ್ರತ್ಯೇಕವಾದೊಂದು ಹೆಸರನ್ನು ಕೊಟ್ಟದ್ದು ಸಾಮಾನ್ಯ ಸಂಗತಿಯಲ್ಲ. ಮುಂದೆ ಹೇಳಲಿರುವಂತೆ ಪಶ್ಚಿಮದವರ ಪಟ್ಟಿಯಲ್ಲಿ ಉಗುರು ಬೇರೆಯಾಗಿ ಕಾಣಿಸಿಕೊಳ್ಳಲು ಇಪ್ಪತ್ತನೆಯ ಶತಮಾನದ ಕೊನೆಯ ದಶಕವೇ ಬರಬೇಕಾಯಿತು.

ಶಾರೀರಸ್ಥಾನದಲ್ಲಿ ಇನ್ನೊಂದು ಮಾತುಂಟು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕ್ಷಿಪ್ರವೆಂಬ ಮರ್ಮಸ್ಥಾನವಿರುವದಾಗಿಯೂ ಅಲ್ಲಿ ಚುಚ್ಚಿದರೆ ಮನುಷ್ಯನು ಆಕ್ಷೇಪಕದಿಂದ, ಅಂದರೆ ಸೆಳೆತದಿಂದ, ಸಾಯುವನೆಂದೂ ಅಲ್ಲಿ ಹೇಳಿದೆ. ಮೈ ಬಿಲ್ಲಿನಂತೆ ಬಾಗುವ ಧನುಸ್ತಂಭವನ್ನೂ ಅದೇ ಗ್ರಂಥವು ವರ್ಣಿಸುತ್ತದೆ. ಬೆರಳಿನ ಸಂದಿಗೆ ಚುಚ್ಚಿದ ಮುಳ್ಳಿನಿಂದ ಧನುರ್ವಾಯು ಹುಟ್ಟಿ ಸತ್ತವರನ್ನು ಕಂಡವರಿಗೆ ಈ ವಾಕ್ಯವು ಊಹೆಯೆಂದು ತೋರಲಾರದು. ಕನ್ನಡದಲ್ಲಿಯೂ ವೈದ್ಯಗ್ರಂಥಗಳ ಪರಂಪರೆಯು ಹಳೆಯದು. ಪೂಜ್ಯಪಾದರ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಕ್ಕೆ ತಂದನು. ಮಂಗರಾಜನು ಹದಿನಾಲ್ಕನೆಯ ಶತಮಾನದಲ್ಲಿ ವಿಷವೈದ್ಯದ ಖಗೇಂದ್ರಮಣಿದರ್ಪಣವನ್ನು ರಚಿಸಿದನು. ಆದರೆ ಇವರೆಲ್ಲರೂ ವಿಂಗಡಿಸಿದ್ದು ಗುಣಪಡಿಸುವದಕ್ಕಾಗಿ. ಎಷ್ಟು ಮಂದಿಗೆ ಯಾವ ಗಾಯವಾಯಿತೆಂದು ಎಣಿಸುವ ಉದ್ದೇಶವು ಅವರಿಗಿರಲಿಲ್ಲ.

ಎಣಿಸುವ ಹವ್ಯಾಸವು ಹುಟ್ಟಿದ್ದು ಮರಣದ ಭಯದಿಂದ. ಲಂಡನ್ನಿನಲ್ಲಿ ಪ್ಲೇಗಿನ ಹಾವಳಿಯನ್ನು ತಿಳಿಯುವದಕ್ಕಾಗಿ ವಾರವಾರವೂ ಪ್ರಕಟವಾಗುತ್ತಿದ್ದ ಮರಣಪಟ್ಟಿಗಳನ್ನು ಅಭ್ಯಾಸಮಾಡಿ ಜಾನ್ ಗ್ರಾಂಟನೆಂಬ ವರ್ತಕನು 1662ರಲ್ಲಿ ಒಂದು ಗ್ರಂಥವನ್ನು ಬರೆದನು. 1837ರಲ್ಲಿ ಇಂಗ್ಲಂಡದಲ್ಲಿ ಜನನಮರಣಗಳ ದೊಡ್ಡ ಕಚೇರಿಯು ಸ್ಥಾಪಿತವಾಯಿತು. ಕೆಲಕಾಲದಲ್ಲಿಯೇ ವಿಲಿಯಂ ಫಾರನೆಂಬ ವೈದ್ಯನು ಅದರ ಅಂಕಿಗಳ ಕೆಲಸಕ್ಕೆ ಬಂದನು. ಒಂದೇ ರೋಗಕ್ಕೆ ನಾಲ್ಕು ಹೆಸರು, ಒಂದೇ ಹೆಸರಿಗೆ ನಾಲ್ಕು ರೋಗ ಎಂಬ ಅವ್ಯವಸ್ಥೆಯನ್ನು ಕಂಡು, ತೂಕ ಅಳತೆಗಳಂತೆ ರೋಗಗಳ ಹೆಸರುಗಳೂ ನಿಶ್ಚಿತವಾಗಬೇಕೆಂದು ಆತನು ಹಟಹಿಡಿದನು. ರೋಗಗಳನ್ನು ಅವು ನೆಲಸುವ ಅಂಗದ ಮೇಲಿಂದ ಜೋಡಿಸುವದೂ, ಪೆಟ್ಟುಗಾಯಗಳಿಗೆ ಪ್ರತ್ಯೇಕ ವರ್ಗವನ್ನು ಕೊಡುವದೂ ಅವನ ಮಾರ್ಗವಾಗಿತ್ತು. 1853ರಲ್ಲಿ ಬ್ರುಸೆಲ್ಸ್ ನಗರದಲ್ಲಿ ಕೂಡಿದ ಸಂಖ್ಯಾಶಾಸ್ತ್ರಜ್ಞರ ಪರಿಷತ್ತು ಎಲ್ಲ ದೇಶಗಳಿಗೂ ಒಪ್ಪುವ ಪಟ್ಟಿಯೊಂದನ್ನು ಮಾಡಲು ಅವನಿಗೂ ಜಿನೀವಾದ ಮಾರ್ಕ್ ದೆಸ್ಪಿನನಿಗೂ ಹೇಳಿತು. ಇಬ್ಬರೂ ಬೇರೆ ಬೇರೆ ತತ್ತ್ವದ ಮೇಲೆ ಬೇರೆ ಬೇರೆ ಪಟ್ಟಿಗಳನ್ನು ತಂದರು. ಪರಿಷತ್ತು ಎರಡನ್ನೂ ಬೆರಸಿ 139 ಶೀರ್ಷಿಕೆಗಳ ಪಟ್ಟಿಯನ್ನು 1855ರಲ್ಲಿ ಒಪ್ಪಿಕೊಂಡಿತು. ಪರಿಷತ್ತುಗಳ ಸ್ವಭಾವವು ಆಗಲೂ ಹೀಗೆಯೇ ಇತ್ತು. ಕಡೆಗೆ 1893ರಲ್ಲಿ ಪ್ಯಾರಿಸಿನ ಜಾಕ್ ಬರ್ಟಿಲಾನನು ಚಿಕಾಗೋದಲ್ಲಿ ಮಂಡಿಸಿದ ಪಟ್ಟಿಯು ನಿಂತಿತು. ಅದರಲ್ಲಿ ಮೂರು ಗಾತ್ರಗಳಿದ್ದವು: 44, 99, 161 ಶೀರ್ಷಿಕೆಗಳವು. 1900ರಲ್ಲಿ 26 ದೇಶಗಳ ಪ್ರತಿನಿಧಿಗಳು ಪ್ಯಾರಿಸಿನಲ್ಲಿ ಸೇರಿ ಅದನ್ನು ಪರಿಷ್ಕರಿಸಿದರು. ಅಲ್ಲಿಂದ ಮುಂದೆ ಹತ್ತು ಹತ್ತು ವರ್ಷಕ್ಕೆ ಒಂದೊಂದು ಪರಿಷ್ಕರಣವೆಂಬ ಪದ್ಧತಿಯು ಬೆಳೆಯಿತು.

ಈ ಪಟ್ಟಿಗಳೆಲ್ಲವೂ ಸತ್ತವರ ಪಟ್ಟಿಗಳೆಂಬದನ್ನು ಮರೆಯಲಾಗದು. ಬೆರಳು ಜಜ್ಜಿದ್ದರಿಂದ ಮನುಷ್ಯನು ಸಾಯುವದಿಲ್ಲ. ಆದಕಾರಣ ಬೆರಳಿಗೆ ಅಲ್ಲಿ ಎಡೆಯಿರಲಿಲ್ಲ. ಬದುಕಿರುವ ರೋಗಿಗಳನ್ನೂ ಏಕರೂಪವಾಗಿ ಎಣಿಸಬೇಕೆಂದು 1860ರ ಲಂಡನ್ ಪರಿಷತ್ತಿನಲ್ಲಿ ವಾದಿಸಿದವಳು ಫ್ಲಾರೆನ್ಸ್ ನೈಟಿಂಗೇಲ್. ದವಾಖಾನೆಗಳು ತಮ್ಮ ರೋಗಿಗಳ ಲೆಕ್ಕವನ್ನು ಒಂದೇ ನಮೂನೆಯಲ್ಲಿ ಇಡಬೇಕೆಂಬ ಅವಳ ಸೂಚನೆಯು ಕಾರ್ಯರೂಪಕ್ಕೆ ಬರಲು ಸುಮಾರು ತೊಂಬತ್ತು ವರ್ಷಗಳು ಹಿಡಿದವು.

ಇತ್ತ ಶೇಡಬಾಳದ ಸ್ಥಿತಿಯೇನಿತ್ತು? ಪಟವರ್ಧನ ಮನೆತನದ ಒಂದು ಶಾಖೆಯ ಕೈಯಲ್ಲಿದ್ದ ಈ ಊರು 1857ರಲ್ಲಿ ಬ್ರಿಟಿಷರ ವಶವಾಯಿತು; ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿಗೆ ಸೇರಿ, ಈಚೆಗೆ ಕಾಗವಾಡ ತಾಲೂಕಾದ ಮೇಲೆ ಅದರೊಳಗೆ ಬಂದಿತು. ಮುಂಬಯಿ ಇಲಾಖೆಯ ಹಳ್ಳಿಗಳಲ್ಲಿ ಸತ್ತವರ ವರದಿಯನ್ನು ಕೊಡುವ ಕೆಲಸವು ವೈದ್ಯರದಾಗಿರಲಿಲ್ಲ, ಊರ ಅಧಿಕಾರಿಗಳದಾಗಿತ್ತು. ಅವರ ಮುಂದಿದ್ದ ಕಲಮುಗಳು ಬೆರಳೆಣಿಕೆಯವು: ಕಾಲರಾ, ಸಿಡುಬು, ಜ್ವರ, ಆಮಶಂಕೆ ಅತಿಸಾರ, 1896ರ ನಂತರ ಪ್ಲೇಗು, ಗಾಯಗಳು, ಇತರ ಕಾರಣಗಳು. ಗಾಯಗಳೆಂಬ ಕಲಮಿನಲ್ಲಿ ಆತ್ಮಹತ್ಯೆ, ಅಪಘಾತ, ಹಾವು ಮತ್ತು ಕಾಡುಮೃಗಗಳಿಂದಾದ ಸಾವು ಇಷ್ಟೇ ಬರುತ್ತಿದ್ದವು. ಹಿಂದುಸ್ಥಾನದ ಮರಣಗಳಲ್ಲಿ ಅತಿ ಹೆಚ್ಚಿನವು ಜ್ವರವೆಂಬ ಒಂದೇ ಮಾತಿನಲ್ಲಿ ಅಡಗಿಹೋಗುತ್ತಿದ್ದುವೆಂದು ಆ ಕಾಲದ ಆರೋಗ್ಯಾಧಿಕಾರಿಗಳೇ ಗೊಣಗಿದ್ದುಂಟು. ಮುಳ್ಳು ಚುಚ್ಚಿ ಬೆರಳು ಬಾತು ಎಂಟು ದಿನಕ್ಕೆ ಕಾಯಿಲೆಯೇರಿ ಸತ್ತವನು ಯಾವ ಕಲಮಿಗೆ ಸೇರಬೇಕು? ಜ್ವರ ಬಂದಿದ್ದಿತಲ್ಲವೇ, ಜ್ವರಕ್ಕೇ ಸೇರುತ್ತಿದ್ದನು. ಬೆರಳು ದಾಖಲೆಯಿಂದ ಮಾಯವಾಗುವದು ಹೀಗೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎರಡು ಸಂಗತಿಗಳು ಈ ಸೀಮೆಯ ಬೆರಳುಗಳಿಗೆ ಸಂಬಂಧಿಸಿದಂತೆ ನಡೆದವು. ಒಂದನೆಯದು ಉಗಿಬಂಡಿ. ದಕ್ಷಿಣ ಮರಾಠಾ ರೇಲ್ವೆಯ ದಾರಿಯು ಮಿರಜದಿಂದ ಶೇಡಬಾಳ, ಕುಡಚಿಗಳ ಮೇಲೆ ಹಾದು ಬೆಳಗಾವಿಯತ್ತ ಹೋಯಿತು. ಹಳಿ, ಕೊಂಡಿ, ಬಾಗಿಲುಗಳ ನಡುವೆ ದುಡಿಯುವ ಕೈಗಳು ಈ ಊರಲ್ಲಿಯೂ ಹುಟ್ಟಿದವು. ಎರಡನೆಯದು ಮಿರಜದ ದವಾಖಾನೆ. 1889ರಲ್ಲಿ ಹಿಂದುಸ್ಥಾನಕ್ಕೆ ಬಂದ ವೈದ್ಯ ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲಿ ದವಾಖಾನೆಯನ್ನು ತೆರೆದು, 1897ರಲ್ಲಿ ವೈದ್ಯಶಾಲೆಯನ್ನೂ ಆರಂಭಿಸಿದನು. ಶೇಡಬಾಳದಿಂದ ಕೆಲವೇ ಹರದಾರಿಗಳಾಚೆ ಶಸ್ತ್ರವೈದ್ಯವು ದೊರೆಯುವಂತಾಯಿತು. ಆದರೂ ಊರುಗಳಲ್ಲಿ ದಾಖಲೆಯ ರೂಢಿಯು ಬೆಳೆದದ್ದು ಔಷಧದಿಂದಲ್ಲ; ಹಣದಿಂದ.

ಕೂಲಿಕಾರರ ಪರಿಹಾರ ಕಾಯಿದೆಯು 1923ರಲ್ಲಿ ಆಗಿ 1924ರ ಜುಲೈ 1ರಿಂದ ಜಾರಿಗೆ ಬಂದಿತು. ಅದರ ಮೊದಲನೆಯ ಅನುಸೂಚಿಯಲ್ಲಿ ಮನುಷ್ಯನ ಗಳಿಸುವ ಶಕ್ತಿಯನ್ನು ನೂರೆಂದಿಟ್ಟುಕೊಂಡು ಪ್ರತಿಯೊಂದು ಅಂಗಕ್ಕೂ ಬೆಲೆ ಕಟ್ಟಲಾಯಿತು. ಹೆಬ್ಬೆರಳು ಹೋದರೆ 25, ಅದರ ಒಂದು ಗಿಣ್ಣು ಹೋದರೆ 10, ತೋರುಬೆರಳಿಗೆ 10, ಮಿಕ್ಕ ಯಾವ ಬೆರಳಿಗಾದರೂ 5. 1962ರ ತಿದ್ದುಪಡಿಯು ಇದನ್ನು ಸೂಕ್ಷ್ಮಗೊಳಿಸಿ ಹೆಬ್ಬೆರಳಿಗೆ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳು ಕಿರುಬೆರಳುಗಳಿಗೆ 7 ಎಂದು ನಿಶ್ಚಯಿಸಿತು. ಎಲುಬು ಹೋಗದೆ ಬರಿಯ ತುದಿ ಕತ್ತರಿಸಿದರೂ ತೋರುಬೆರಳಿಗೆ 5, ನಡುಬೆರಳಿಗೆ 4, ಮಿಕ್ಕೆರಡಕ್ಕೆ 2. ಇಂಥ ಬೆಲೆಪಟ್ಟಿಯು ಹೊಸ ಕಾಲದ ಕ್ರೌರ್ಯವೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಸುಮಾರು ಕ್ರಿ. ಶ. 600ರಲ್ಲಿ ಇಂಗ್ಲಂಡದ ಕೆಂಟ್ ಪ್ರಾಂತದ ಅರಸನಾದ ಎಥೆಲ್‌ಬರ್ಟನ ಶಾಸನದಲ್ಲಿ ಹೆಬ್ಬೆರಳಿಗೆ 20 ಶಿಲ್ಲಿಂಗು, ನಡುಬೆರಳಿಗೆ 4, ಕಿರುಬೆರಳಿಗೆ 11 ಎಂದಿತ್ತು. ಹೆಬ್ಬೆರಳಿನ ಉಗುರಿಗೇ 3 ಶಿಲ್ಲಿಂಗು. ಕಿರುಬೆರಳು ನಡುಬೆರಳಿಗಿಂತ ಮೇಲೆಂದು ಆ ಅರಸನಿಗೆ ತೋರಿತು, ಹದಿಮೂರು ಶತಮಾನಗಳ ಮೇಲಿನ ಹಿಂದುಸ್ಥಾನದ ಕಾಯಿದೆಗೆ ಅದು ಕೆಳಗೆಂದು ತೋರಿತು. ಹಿಡಿಯನ್ನು ಬಿಗಿಗೊಳಿಸುವದು ಕಿರುಬೆರಳೇ ಎಂದು ಬಲ್ಲ ಒಕ್ಕಲಿಗನು ಕೆಂಟಿನ ಅರಸನ ಪಕ್ಷವನ್ನೇ ಹಿಡಿಯುವನೆಂದು ತೋರುತ್ತದೆ. ಉಗುರಿನ ವಿಷಯದಲ್ಲಂತೂ 1923ರ ಅನುಸೂಚಿಯು ಮೌನವಾಗಿತ್ತು.

ಈ ಕಾಯಿದೆಯಲ್ಲಿ ಸಣ್ಣ ಗಾಯವೆಂದರೇನೆಂಬದಕ್ಕೆ ವೈದ್ಯನ ಮಾತು ಬೇಕಿರಲಿಲ್ಲ. ದಿನದ ಲೆಕ್ಕ ಸಾಕಾಗಿತ್ತು. ಹತ್ತು ದಿನಗಳಿಗಿಂತ ಹೆಚ್ಚು ಕಾಲ ಕೆಲಸಕ್ಕೆ ಅಸಮರ್ಥನನ್ನಾಗಿ ಮಾಡದ ಗಾಯಕ್ಕೆ ಪರಿಹಾರವಿಲ್ಲವೆಂದು ಮೂಲಕಾಯಿದೆಯು ಹೇಳಿತು. 1933ರಲ್ಲಿ ಹತ್ತು ಏಳಾಯಿತು, 1959ರಲ್ಲಿ ಏಳು ಮೂರಾಯಿತು. ಜಜ್ಜಿದ ಬೆರಳೊಂದು ಮಾಯಲು ಬೇಕಾದ ಕಾಲವು ಬದಲಾಗಿರಲಿಲ್ಲ. ಅದನ್ನು ಚಿಕ್ಕದೆನ್ನುವ ಎಲ್ಲೆಯು ಮಾತ್ರ ಬದಲಾಗಿತ್ತು. ರೇಲ್ವೆಯ ನೌಕರನೂ, 1939ರಲ್ಲಿ ಸ್ಥಾಪಿತವಾದ ಉಗಾರ ಸಕ್ಕರೆ ಕಂಪನಿಯಂಥ ಕಾರ್ಖಾನೆಗಳ ಕೂಲಿಕಾರನೂ ಇದರ ಆಶ್ರಯಕ್ಕೆ ಬಂದರು. ಆದರೆ ಎತ್ತಿನ ಗಾಣದ ಉರುಳೆಗಳ ನಡುವೆ ಕಬ್ಬನ್ನು ಕೊಡುವ ಹುಡುಗನು ಬರಲಿಲ್ಲ. ಹೊಲದ ಕೂಲಿಯವನು 1923ರ ಕಾಯಿದೆಗೆ ಹೊರಗಿನವನು. ಒಂದೇ ದಿನ, ಒಂದೇ ಊರಿನಲ್ಲಿ, ಒಂದೇ ರೀತಿಯಾಗಿ ಎರಡು ಬೆರಳುಗಳು ಜಜ್ಜಿದರೆ ಒಂದಕ್ಕೆ ಕಾಗದವಾಗುವದು, ಒಂದಕ್ಕೆ ಅರಿಷಿಣವಾಗುವದು. ಒಕ್ಕಲುತನಕ್ಕೆ ಯಂತ್ರಗಳೂ ಇದೇ ಕಾಲದಲ್ಲಿ ಬಂದವು. ಕಣಿಕೆ ಕತ್ತರಿಸುವ ಯಂತ್ರವು ಬೆಳಗಾವಿ ಸೀಮೆಯಲ್ಲಿಯೇ ತಯಾರಾಗತೊಡಗಿತ್ತು. ಎಲ್ಲಿ ತಯಾರಾದದ್ದಾದರೂ ಸರಿ, ಅಂಥ ಯಂತ್ರದ ಬಾಯಿಗೆ ಮೇವನ್ನು ಕೈಯಿಂದಲೇ ಒತ್ತಬೇಕು. ಒಕ್ಕಣೆಯ ಯಂತ್ರಗಳಿಂದ ಕೈ ಕಳೆದುಕೊಂಡವರಿಗಾಗಿ ಅಪಾಯಕರ ಯಂತ್ರಗಳ ಕಾಯಿದೆಯು ಬಂದದ್ದು 1983ರಲ್ಲಿ.

ಇಷ್ಟರಲ್ಲಿ ಜಗತ್ತಿನ ಪಟ್ಟಿಯಲ್ಲಿ ದೊಡ್ಡ ಮಾರ್ಪಾಡಾಗಿತ್ತು. ಜಾಗತಿಕ ಆರೋಗ್ಯ ಸಂಸ್ಥೆಯು 1948ರಲ್ಲಿ ಹುಟ್ಟಿತು. ಹಿಂದುಸ್ಥಾನವು ಅದೇ ವರ್ಷದ ಜನೆವರಿ 12ರಂದು ಅದರ ಸದಸ್ಯನಾಯಿತು. ಬರ್ಟಿಲಾನನ ಪಟ್ಟಿಯ ಆರನೆಯ ಪರಿಷ್ಕರಣವು ಆ ಸಂಸ್ಥೆಯ ಕೈಗೆ ಬಂದು, ಮರಣಕಾರಣಗಳೊಂದಿಗೆ ಬದುಕಿರುವವರ ರೋಗಗಳೂ ಗಾಯಗಳೂ ಮೊದಲ ಬಾರಿಗೆ ಅದರೊಳಗೆ ಸೇರಿದವು. ನೈಟಿಂಗೇಲಳು ಕೇಳಿದ್ದು ಇದನ್ನೇ. ಬೆರಳಿನ ಗಾಯವು ಜಗತ್ತಿನ ಲೆಕ್ಕದಲ್ಲಿ ಹುಟ್ಟಿದ ವರ್ಷ 1948 ಎಂದು ಹೇಳಿದರೆ ತಪ್ಪಾಗಲಾರದು. ಅಲ್ಲದೆ ಪ್ರತಿಯೊಂದು ಗಾಯಕ್ಕೂ ಎರಡು ಅಂಕಿಗಳಿರಬೇಕೆಂಬ ಪದ್ಧತಿಯೂ ಆಗಲೇ ಬೇರೂರಿತು. ಅಂಗಕ್ಕೆ ಏನಾಯಿತೆಂದು ಹೇಳುವದು ಒಂದು. ಯಾತರಿಂದ ಆಯಿತೆಂದು ಹೇಳುವದು ಇನ್ನೊಂದು. ವೈದ್ಯನಿಗೆ ಮೊದಲನೆಯದು ಸಾಕು. ಮುಂದೆ ಇಂಥ ಗಾಯವಾಗದಂತೆ ನೋಡಿಕೊಳ್ಳಬೇಕೆಂಬವನಿಗೆ ಎರಡನೆಯದಿಲ್ಲದೆ ನಡೆಯದು.

1975ರ ಒಂಬತ್ತನೆಯ ಪರಿಷ್ಕರಣದಲ್ಲಿ ಬೆರಳಿನ ತೆರೆದ ಗಾಯಕ್ಕೆ 883 ಎಂಬ ಅಂಕಿಯಿತ್ತು. ಉಗುರಿನ ಗಾಯವೂ ಅದರಲ್ಲಿಯೇ ಅಡಕವಾಗಿತ್ತು. 1990ರಲ್ಲಿ ಒಪ್ಪಿಗೆ ಪಡೆದು 1994ರಿಂದ ಬಳಕೆಗೆ ಬಂದ ಹತ್ತನೆಯ ಪರಿಷ್ಕರಣವು ಅಂಕಿಗಳ ಹಿಂದೆ ಅಕ್ಷರವನ್ನಿಟ್ಟು ಇಡೀ ಮನೆಯನ್ನೇ ಹೊಸದಾಗಿ ಕಟ್ಟಿತು. ಗಾಯಗಳಿಗೆ ಎಸ್ ಎಂಬ ಅಕ್ಷರ. ಅದರ ಮುಂದಿನ ಅಂಕಿಯು ತಲೆಯಿಂದ ಪಾದದ ವರೆಗೆ ಅಂಗವನ್ನು ಹೇಳುವದು: ತಲೆಗೆ 0, ಮಣಿಕಟ್ಟು ಮತ್ತು ಕೈಗೆ 6, ಪಾದಕ್ಕೆ 9. ಅದರ ಮುಂದಿನದು ಗಾಯದ ಜಾತಿಯನ್ನು ಹೇಳುವದು: ಮೇಲ್ಮೈಯ ಪೆಟ್ಟಿಗೆ 0, ತೆರೆದ ಗಾಯಕ್ಕೆ 1, ಎಲುಬು ಮುರಿದರೆ 2, ಕೀಲು ತಪ್ಪಿದರೆ 3, ಜಜ್ಜಿಹೋದರೆ 7, ಕಡಿದುಹೋದರೆ 8. ಹೀಗಾಗಿ ಎಸ್ 60 ಎಂದರೆ ಕೈಯ ಮೇಲ್ಮೈಯ ಪೆಟ್ಟು, ಎಸ್ 61 ಎಂದರೆ ಕೈಯ ತೆರೆದ ಗಾಯ, ಎಸ್ 67 ಎಂದರೆ ಜಜ್ಜಿದ ಕೈ. ಸುಶ್ರುತನ ಘೃಷ್ಟ, ಛಿನ್ನ, ಪಿಚ್ಚಿತಗಳನ್ನು ಬಲ್ಲವನಿಗೆ ಈ ಮನೆಯ ಕೋಣೆಗಳು ತೀರ ಅಪರಿಚಿತವೆನಿಸುವದಿಲ್ಲ. ಕಡಿದು ಬಿದ್ದುದನ್ನು ಛಿನ್ನದಿಂದ ಬೇರೆಮಾಡಿದ್ದು ಮಾತ್ರ ಹೊಸತು.

ಬಿಂದುವಿನ ಮುಂದಿನ ಅಂಕಿಯಲ್ಲಿಯೇ ಉಗುರು ಬಂದಿತು. ಎಸ್ 60.0 ಎಂದರೆ ಉಗುರು ಕೆಡದ ಬೆರಳಿನ ಪೆಟ್ಟು, ಎಸ್ 60.1 ಎಂದರೆ ಉಗುರು ಕೆಟ್ಟ ಪೆಟ್ಟು. ತೆರೆದ ಗಾಯದಲ್ಲಿಯೂ ಎಸ್ 61.0, ಎಸ್ 61.1 ಎಂದು ಅದೇ ಭೇದ. ಹೀಗೆ ಕುನಖದ ಬೀಜವನ್ನು ಹೊತ್ತ ಪೆಟ್ಟನ್ನು ಹೊರದಷ್ಟು ಪೆಟ್ಟಿನಿಂದ ಬಿಡಿಸಲಾಯಿತು. ಭೇದವು ಅಲಂಕಾರದ್ದಲ್ಲ. ಉಗುರಿನ ಕೆಳಗಿನ ಹಾಸು ಹರಿದದ್ದನ್ನು ಮೊದಲ ದಿನವೇ ಗುರುತಿಸಿ ಹೊಲಿದರೆ ಉಗುರು ನೆಟ್ಟಗೆ ಬೆಳೆಯುವ ಸಂಭವವು ಹೆಚ್ಚು. ಉಗುರಿನ ಅಡಿಯಲ್ಲಿ ಎಲುಬಿನ ತುದಿಯೂ ಒಡೆದಿದ್ದರೆ ಗಾಯವು ಎಲುಬಿನ ತನಕ ತೆರೆದಂತೆಯೇ, ಅದಕ್ಕೆ ಬೇರೆ ಎಚ್ಚರ ಬೇಕು.

ಆರಂಭದಲ್ಲಿ ಹೇಳಿದ ಮೂವರನ್ನು ಈಗ ಲೆಕ್ಕಿಗನ ಮೇಜಿನ ಮುಂದೆ ನಿಲ್ಲಿಸಿ ನೋಡಬಹುದು. ಬಂಡಿಯ ಮೂಕಿಗೆ ಸಿಕ್ಕವನದು ಸರಳ: ಎಸ್ 60.1, ಕಾರಣಕ್ಕೆ ಡಬ್ಲ್ಯೂ 23, ಎಂದರೆ ಎರಡು ವಸ್ತುಗಳ ನಡುವೆ ಸಿಕ್ಕಿಕೊಂಡದ್ದು, ಸ್ಥಳವು ಹೊಲವಾದರೆ ಕೊನೆಗೆ 7, ಕಾರ್ಖಾನೆಯಾದರೆ 6. ಕೊಯ್ತಾದಿಂದ ಕೊಯ್ದವನು ಬಂದಾಗ ಲೆಕ್ಕಿಗನು ತುಸು ತಡೆಯುವನು. ಗಾಯವು ಎಸ್ 61.0 ಎಂಬದರಲ್ಲಿ ಸಂದೇಹವಿಲ್ಲ. ಆದರೆ ಪಟ್ಟಿಯಲ್ಲಿ ಚೂರಿ, ಕತ್ತಿ, ಕಠಾರಿಗಳಿಗೆ ಡಬ್ಲ್ಯೂ 26. ಕೊಡಲಿ, ಗುದ್ದಲಿ ಮೊದಲಾದ ಕೈಯ ಉಪಕರಣಗಳಿಗೆ ಡಬ್ಲ್ಯೂ 27. ಕೊಯ್ತಾವು ಕತ್ತಿಯೋ ಉಪಕರಣವೋ? ಜಿನೀವಾದಲ್ಲಿ ಕುಳಿತು ಪಟ್ಟಿ ಮಾಡಿದವರಿಗೆ ಈ ಪ್ರಶ್ನೆಯು ಹೊಳೆದಿರಲಾರದು. ಒಬ್ಬ ಲೆಕ್ಕಿಗನು ಹೀಗೂ ಇನ್ನೊಬ್ಬನು ಹಾಗೂ ಬರೆದರೆ ಕಬ್ಬಿನ ಸೀಮೆಯ ಗಾಯಗಳೆಲ್ಲ ಎರಡು ಪಾಲಾಗಿ, ಎರಡರಲ್ಲಿಯೂ ಕಡಿಮೆಯಾಗಿ ಕಾಣುವವು. ಮೂರನೆಯವನಾದ ಮುಳ್ಳು ಚುಚ್ಚಿದವನಿಗೆ ಪಟ್ಟಿಯು ಉದಾರವಾಗಿದೆ: ಗಿಡಗಳ ಮುಳ್ಳು ಮತ್ತು ಹರಿತವಾದ ಎಲೆಗಳ ಸ್ಪರ್ಶಕ್ಕೆ ಡಬ್ಲ್ಯೂ 60 ಎಂಬ ಪ್ರತ್ಯೇಕ ಅಂಕಿಯುಂಟು. ರವದಿಯ ಅಂಚಿಗೆ ಸರಿಯಾದ ನೆಲೆ ಇದೇ.

ಈ ವ್ಯವಸ್ಥೆಯ ದೊಡ್ಡ ದೋಷವು ಅಂಕಿಗಳಲ್ಲಿಲ್ಲ, ಮೌನದಲ್ಲಿದೆ. ವೈದ್ಯನು ಬೆರಳಿಗೆ ಪೆಟ್ಟು ಎಂದಷ್ಟೇ ಬರೆದು ಉಗುರಿನ ಮಾತೆತ್ತದಿದ್ದರೆ ಲೆಕ್ಕಿಗನು ಎಸ್ 60.0 ಎಂದೇ ಬರೆಯಬೇಕೆಂಬದು ನಿಯಮ. ತೆರೆದ ಗಾಯಕ್ಕೂ ಹಾಗೆಯೇ. ನೋಡಿ ಇಲ್ಲವೆಂದು ತಿಳಿದದ್ದಕ್ಕೂ, ನೋಡದೆ ಬಿಟ್ಟದ್ದಕ್ಕೂ ಒಂದೇ ಹೆಸರು. ಅವಸರದ ದವಾಖಾನೆಯಲ್ಲಿ, ನೂರು ರೋಗಿಗಳ ನಡುವೆ, ಬೆರಳಿನವನಿಗೆ ಎಷ್ಟು ಮಾತು ದೊರೆತೀತು? ಹೀಗಾಗಿ ಎಸ್ 60.0 ಎಂಬ ಅಂಕಿಯು ಎಷ್ಟು ದೊಡ್ಡದಾಗಿ ಕಂಡರೂ ಅದರಲ್ಲಿ ಉಗುರು ಕೆಡದ ಬೆರಳುಗಳೆಷ್ಟು, ಯಾರೂ ನೋಡದ ಬೆರಳುಗಳೆಷ್ಟು ಎಂದು ಅಂಕಿಯಿಂದಲೇ ತಿಳಿಯಲಾಗದು. ಹಳೆಯ ಕಾಲದ ಜ್ವರದ ಕಲಮಿನ ನೆನಪು ಇಲ್ಲಿ ಬಾರದಿರದು.

ಮರಣದ ಲೆಕ್ಕದಲ್ಲಿ ಬೆರಳು ಮಾಯವಾಗುವದು ಈಗಲೂ ನಿಂತಿಲ್ಲ. ಸಣ್ಣ ಗೀರಿನಿಂದ ಧನುರ್ವಾಯು ಬಂದು ಸತ್ತರೆ ಮರಣಕಾರಣವನ್ನು ಧನುರ್ವಾಯುವಿನ ಅಂಕಿಯಾದ ಎ 35ರಲ್ಲಿಯೇ ಬರೆಯಬೇಕೆಂದಿದೆ. ನ್ಯಾಯವೇನೋ ಸರಿಯೇ, ಕೊಂದದ್ದು ಗೀರಲ್ಲ, ಮಣ್ಣು ಸಗಣಿಗಳಲ್ಲಿರುವ ಸೂಕ್ಷ್ಮಜೀವಿ. 1889ರಲ್ಲಿ ಕಿಟಸಾಟೊ ಎಂಬ ಜಪಾನಿ ವಿಜ್ಞಾನಿಯು ಆ ಜೀವಿಯನ್ನು ಶುದ್ಧವಾಗಿ ಬೇರ್ಪಡಿಸಿ ತೋರಿಸಿದನು. ಇಂದು ಚುಚ್ಚುಮದ್ದಿನಿಂದ ಅದನ್ನು ತಡೆಯಲು ಸಾಧ್ಯವಿದೆ. ಆದರೆ ಯಾವ ಕೆಲಸದಲ್ಲಿ, ಯಾವ ಬೆರಳಿಗೆ, ಯಾತರಿಂದ ಆ ಗೀರು ಬಿದ್ದಿತ್ತೆಂಬದು ಆ ಅಂಕಿಯಲ್ಲಿ ಉಳಿಯುವದಿಲ್ಲ. 1969ರ ಜನನಮರಣ ನೋಂದಣಿ ಕಾಯಿದೆಯು ಮರಣಕಾರಣಕ್ಕೆ ವೈದ್ಯನ ಪ್ರಮಾಣಪತ್ರವನ್ನು ಪಡೆಯುವ ವ್ಯವಸ್ಥೆಯನ್ನು ಮಾಡಿದೆ. ಬದುಕಿ ಮನೆಗೆ ಹೋದವನ ಬೆರಳಿಗೆ ಅಂಥ ಕಾಯಿದೆಯ ಆಸರೆಯಿಲ್ಲ.

ಜಗತ್ತಿನ ಪಟ್ಟಿಯ ಹತ್ತನೆಯ ಪರಿಷ್ಕರಣಕ್ಕೆ ಎಡಗೈ ಬಲಗೈಗಳ ಭೇದವೂ ಗೊತ್ತಿರಲಿಲ್ಲ. ದ್ರೋಣನು ಏಕಲವ್ಯನಲ್ಲಿ ಬೇಡಿದ್ದು ಬಲಗೈಯ ಹೆಬ್ಬೆರಳೆಂದು ಮಹಾಭಾರತವು ಸ್ಪಷ್ಟವಾಗಿ ಹೇಳುತ್ತದೆ. ಕಥೆಯ ತಿರುಳೇ ಅದು. ಈ ಪಟ್ಟಿಯಲ್ಲಾದರೋ ಅದು ಎಸ್ 68.0 ಆಗಿ, ಹೆಬ್ಬೆರಳು ಕಡಿದದ್ದು ಎಂಬಷ್ಟೇ ಉಳಿಯುವದು. ಅಮೇರಿಕದವರು ತಮ್ಮ ದವಾಖಾನೆಗಳಿಗಾಗಿ ಇದನ್ನು ಹಿಗ್ಗಿಸಿ 2015ರ ಅಕ್ಟೋಬರ 1ರಿಂದ ಬಳಸತೊಡಗಿದರು. ಅವರಲ್ಲಿ ಬಲಗೈಯ ತೋರುಬೆರಳಿಗೆ ಉಗುರು ಕೆಡದಂತೆ ಬಿದ್ದ ಪೆಟ್ಟಿಗೆ ಎಸ್ 60.021 ಎಂಬ ಅಂಕಿ. ಅದರ ಹಿಂದೆ, ಚಿಕಿತ್ಸೆ ನಡೆದಿರುವಾಗಿನ ಭೇಟಿಯೋ ವಾಸಿಯಾಗುತ್ತಿರುವಾಗಿನದೋ ಎಂದು ಹೇಳುವ ಮತ್ತೊಂದು ಅಕ್ಷರ. ಅಷ್ಟು ಸೂಕ್ಷ್ಮತೆಯ ಹಿಂದೆ ವಿಮೆಯ ಹಣದ ಲೆಕ್ಕವಿದೆಯೆಂಬದನ್ನು ಬೇರೆ ಹೇಳಬೇಕಾಗಿಲ್ಲ. 2019ರಲ್ಲಿ ಒಪ್ಪಿಗೆ ಪಡೆದು 2022ರ ಜನೆವರಿ 1ರಿಂದ ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣವು ಮೂಲ ಅಂಕಿಗೆ ಎಡ ಬಲಗಳನ್ನು ಹೇಳುವ ಬಾಲಾಂಕಿಗಳನ್ನು ಜೋಡಿಸುವ ಉಪಾಯವನ್ನು ತಂದಿದೆ. ಆಯುರ್ವೇದ, ಸಿದ್ಧ, ಯುನಾನಿಗಳ ರೋಗನಾಮಗಳಿಗಾಗಿ ಅದರಲ್ಲಿಯೇ ಒಂದು ಭಾಗವನ್ನು ಸಿದ್ಧಪಡಿಸಿ 2024ರ ಜನೆವರಿ 10ರಂದು ಹೊಸ ದಿಲ್ಲಿಯಲ್ಲಿ ಬಿಡುಗಡೆ ಮಾಡಲಾಯಿತು. ಹಳೆಯ ಸಂಹಿತೆಗಳ ಭಾಷೆಯು ಬರ್ಟಿಲಾನನ ಪಟ್ಟಿಯ ಮನೆಗೆ ಬಂದು ಸೇರಲು ಹೀಗೆ ನೂರ ಮೂವತ್ತು ವರ್ಷಗಳು ಹಿಡಿದವು.

ಕಬ್ಬು ಕಡಿಯುವವರ ಕೂಲಿಯು ದಿನದ ಮೇಲಲ್ಲ, ಕಡಿದ ಟನ್ನಿನ ಮೇಲೆ. ಬೆರಳು ಕೊಯ್ದವನು ಮೂರು ದಿನ ಕುಳಿತರೆ ಅವನ ಜೋಡಿಯೂ ಕುಳಿತಂತೆ. ಅದಕ್ಕಾಗಿ ಅವನು ಕುಳಿತುಕೊಳ್ಳುವದಿಲ್ಲ. ಮಿರಜದ ಗಾಡಿ ಹತ್ತುವದು ಬೆರಳು ಬಾತು, ಹಿಡಿಗೆ ಕೊಯ್ತಾ ನಿಲ್ಲದಂತಾದ ಮೇಲೆ. ಅಷ್ಟು ಹೊತ್ತಿಗೆ ಅವನು ವೈದ್ಯನ ಮುಂದೆ ಇಡುವದು ಗಾಯವನ್ನಲ್ಲ, ಕೀವನ್ನು. ಕೀವಿಗೆ ಅಂಕಿಯು ಚರ್ಮರೋಗಗಳ ಅಧ್ಯಾಯದಲ್ಲಿದೆ. ಕೊಯ್ತಾದ ಮಾತನ್ನು ಅಲ್ಲಿ ಯಾರೂ ಕೇಳುವದಿಲ್ಲ.